ಅರವತ್ತು ಡಿಗ್ರಿಯ ಗುಂಡಿ

ಹಣಕೋಣ, ಕಾರವಾರ ತಾಲೂಕು
14 ಏಪ್ರಿಲ್ 1993

ವೈಶಾಲಿಯವರಿಗೆ ಶಾಂತಾರಾಮನ ನಮಸ್ಕಾರ.

ಮೇಡಂ ಅನ್ನಲೋ ತಂಗಿ ಅನ್ನಲೋ ತಿಳಿಯದೆ ಹೆಸರು ಹಿಡಿದೇ ಶುರು ಮಾಡಿದ್ದೇನೆ. ಕಾರವಾರದ ಕಾಲೇಜಿನ ಲ್ಯಾಬಿನಲ್ಲಿ ನಿಮಗೆ ಟೆಸ್ಟ್ ಟ್ಯೂಬು ಎಣಿಸಿ ಕೊಡುತ್ತಿದ್ದ, ಒಡೆದರೆ ಬೈಯುತ್ತಿದ್ದ ಅಟೆಂಡರ್ ನಾನೇ. ನಿವೃತ್ತಿಯಾಗಿ ಎರಡು ವರ್ಷವಾಯಿತು. ಮನೆಯಲ್ಲಿ ಕೂತು ಹೆಂಡತಿಯಿಂದ ಬೈಸಿಕೊಳ್ಳುವ ಬದಲು ಪರರಿಂದ ಬೈಸಿಕೊಳ್ಳೋಣ ಎಂದು ಇಲ್ಲಿನ ಕಂತ್ರಾಟುದಾರರ ಕ್ಯಾಂಪಿನ ಮೆಸ್ಸಿನಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೇನೆ. ಗುಡ್ಡ ಒಡೆಯುವ ಆರುನೂರು ಜನ ಇಲ್ಲಿ ಎರಡು ಹೊತ್ತು ಉಣ್ಣುತ್ತಾರೆ.

ವಿಷಯಕ್ಕೆ ಬರುತ್ತೇನೆ. ಆರುನೂರು ತಟ್ಟೆಯ ಎಂಜಲು, ಮೀನು ಹುರಿದು ಹುರಿದು ಕಪ್ಪಾದ ಎಣ್ಣೆ, ಎಲ್ಲವನ್ನೂ ಎರಡು ವರ್ಷದಿಂದ ಹಿಂದಿನ ಹಳ್ಳಕ್ಕೆ ಚೆಲ್ಲುತ್ತಿದ್ದರು. ಹಳ್ಳ ಕಾಳಿ ನದಿಗೆ ಸೇರುವಲ್ಲಿ ಹೆಂಗಸರು ಕೆಸರಿನಿಂದ ಬೆಳಚಿನ ಚಿಪ್ಪು ಆರಿಸುತ್ತಾರೆ. ಬೆಳಚೆಲ್ಲ ಸತ್ತು ಬಾಯಿ ಬಿಟ್ಟುಕೊಂಡಿತು. ಹೋದ ತಿಂಗಳು ಹತ್ತು ಹನ್ನೆರಡು ಹೆಂಗಸರು ಬುಟ್ಟಿ ಹೊತ್ತು ಬಂದು ಮ್ಯಾನೇಜರನ ಮೇಜಿನ ಮೇಲೇ ಸುರಿದರು. ಒಬ್ಬಳು ಹೇಳಿದಳು, "ಸಾಹೇಬಾ, ನಿಮ್ಮ ಎಣ್ಣೆಲೇ ಹೊರಳ್ಸಿ ತಂದಿದ್ದು. ಬೇರೆ ಎಣ್ಣೆ ಹಾಕುದು ಬ್ಯಾಡ, ತಿನ್ನಿ." ನನಗೆ ನಗು ಬಂತು, ಮ್ಯಾನೇಜರನಿಗೆ ಬರಲಿಲ್ಲ. ಮಳೆಗಾಲದೊಳಗೆ ದಾರಿ ಹುಡುಕು ಎಂದು ನನ್ನ ತಲೆಗೆ ಕಟ್ಟಿದ್ದಾನೆ. ಗುಂಡಿ ತೆಗೆದು ಹೂತು ನೋಡಿದೆವು. ಕೊಳೆಯುವುದೂ ಇಲ್ಲ, ಎಣ್ಣೆ ಮೇಲೆ ತೇಲುತ್ತದೆ, ನೊಣ ಹೇಳತೀರದು.

ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಹಿಲ್ಲೂರಿಗೆ ಹೊರಟಿದ್ದ ನಿಮ್ಮ ತಂದೆಯವರು ಸಿಕ್ಕರು. ಮಗಳು ಪುಣೆಯಲ್ಲಿ ಎಣ್ಣೆ ತಿನ್ನುವ ಕ್ರಿಮಿ ಸಾಕುತ್ತಿದ್ದಾಳೆ ಎಂದರು. ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯೂ ಇತ್ತು, ಸ್ವಲ್ಪ ಹೇಸಿಗೆಯೂ ಇತ್ತು. ಆ ಕ್ರಿಮಿ ನಮ್ಮ ಎಂಜಲು ತಿನ್ನುತ್ತದೆಯೇ? ಇದನ್ನು ಕೇಳಲಿಕ್ಕೇ ಈ ಪತ್ರ.

ಇಂತಿ,
ಶಾಂತಾರಾಮ


ಪುಣೆ
26 ಏಪ್ರಿಲ್ 1993

ಪ್ರೀತಿಯ ಶಾಂತಾರಾಮಣ್ಣ,

ಮೇಡಂ ಎಂದರೆ ಉತ್ತರವೇ ಬರೆಯುವುದಿಲ್ಲ. "ಹೇ ತಂಗೀ, ಅದು ಆಸಿಡ್ಡು!" ಎಂದು ಆಗ ಹೇಗೆ ಕೂಗುತ್ತಿದ್ದಿರೋ ಹಾಗೆಯೇ ಕೂಗಿ. ನೀವು ನಿಮ್ಮಷ್ಟಕ್ಕೇ ನನ್ನನ್ನು ನೆನೆದದ್ದು ದೇವರು ಕಳಿಸಿದ ಹಾಗಾಯಿತು. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ತಿನ್ನುತ್ತದೆ, ಆದರೆ ಬಿಸಿ ಬೇಕು. ಸಾಧಾರಣ ಬ್ಯಾಕ್ಟೀರಿಯ ಎಣ್ಣೆಯ ಜಿಡ್ಡಿನಲ್ಲಿ ಉಸಿರು ಕಟ್ಟಿ ಸೋಲುತ್ತದೆ. ನಾನು ಸಾಕಿರುವ ಜಾತಿಗೆ ಅರವತ್ತು ಡಿಗ್ರಿಯಲ್ಲಿ ಹಸಿವು ಹುಟ್ಟುತ್ತದೆ. ನಾವು ಕೈ ಇಟ್ಟರೆ ಸುಡುವ ಬಿಸಿ ಅದು. ಆ ಬಿಸಿಯಲ್ಲಿ ಜಿಡ್ಡು ಕರಗಿ ತೆಳ್ಳಗಾಗುತ್ತದೆ, ಇವು ತಿನ್ನುತ್ತವೆ. ತಿನ್ನುತ್ತಾ ತಾವೇ ಬಿಸಿ ಹುಟ್ಟಿಸುತ್ತವೆ. ಒಮ್ಮೆ ಏರಿದರೆ ಬೆಂಕಿ ಬೇಡ, ಸೌದೆ ಬೇಡ. ಆ ಬಿಸಿ ಇಳಿದರೆ ಮಾತ್ರ ಎಲ್ಲ ಮುಗಿಯಿತು.

ಎರಡು ಡಬ್ಬಿ ಕಳಿಸಿದ್ದೇನೆ, ಅಕ್ಕಿ ತೌಡಿನಲ್ಲಿ ಬೆರೆಸಿದೆ. ಐದು ಅಡಿ ಆಳದ ಗುಂಡಿಗೆ ಚಿರೇಕಲ್ಲಿನ ಗೋಡೆ ಕಟ್ಟಿಸಿ. ಎಂಜಲಿನೊಂದಿಗೆ ಭತ್ತದ ಹೊಟ್ಟು, ಮರದ ಪುಡಿ ಬೆರೆಸಿ ಅರ್ಧದಷ್ಟು ತುಂಬಿ. ದಿನಕ್ಕೆ ಎರಡು ಸಲ ಅಂಚಿನಲ್ಲಿ ನಿಂತು ಉದ್ದ ಹಿಡಿಯ ಸಲಿಕೆಯಿಂದ ಮಗುಚಬೇಕು, ಗಾಳಿ ಆಡಬೇಕು. ಉದ್ದ ಕಡ್ಡಿಯ ಥರ್ಮಾಮೀಟರ್ ಕೂಡ ಇದೆ. ರಾಶಿಯ ನಡುವಿಗೆ ಚುಚ್ಚಿ ಬೆಳಿಗ್ಗೆ ಸಂಜೆ ಬರೆದಿಡಿ. ಕಡಿಮೆ ಬಂದರೆ ಕಡಿಮೆ ಎಂದೇ ಬರೆಯಿರಿ. ನನ್ನನ್ನು ಖುಷಿಪಡಿಸಲು ಒಂದಂಕಿಯನ್ನೂ ತಿದ್ದಬೇಡಿ.

ಈಗ ನನ್ನ ಸ್ವಾರ್ಥ. ಸೆಪ್ಟೆಂಬರಿಗೆ ನನ್ನ ಫೆಲೋಶಿಪ್ ಮುಗಿಯುತ್ತದೆ. ಲ್ಯಾಬಿನ ಪಾತ್ರೆಯಲ್ಲಿ ಆದದ್ದು ಹೊರಗೂ ಆಗುತ್ತದೆಂದು ತೋರಿಸದಿದ್ದರೆ ಮುಂದುವರಿಸುವುದಿಲ್ಲ ಎಂದು ನನ್ನ ಗೈಡ್ ಸರ್ ಹೇಳಿಬಿಟ್ಟಿದ್ದಾರೆ. ಮದುವೆಯ ಮಾತೆತ್ತಿ ಊರಿನಲ್ಲಿ ಮನೆಯವರು ಕಾದು ಕೂತಿದ್ದಾರೆ. ನಿಮ್ಮ ಗುಂಡಿಯೇ ನನ್ನ ಗತಿ.

ನಿಮ್ಮ
ವೈಶಾಲಿ


ಹಣಕೋಣ
20 ಮೇ 1993

ತಂಗೀ,

ಅರವತ್ತೆರಡು! ಮೂರು ಸಲ ಕಡ್ಡಿ ಒರೆಸಿ ಮೂರು ಸಲ ಚುಚ್ಚಿದೆ. ಅರವತ್ತೆರಡೇ. ಮೂವತ್ತು ವರ್ಷ ಲ್ಯಾಬಿನಲ್ಲಿ ಬೇರೆಯವರ ಪ್ರಯೋಗಕ್ಕೆ ಬಾಟಲಿ ತೊಳೆದವನು ನಾನು, ನನ್ನ ಕೈಯಲ್ಲೇ ಒಂದು ಪ್ರಯೋಗ ಫಲ ಕೊಟ್ಟದ್ದು ಇದೇ ಮೊದಲು. ಕಣ್ಣು ಒದ್ದೆಯಾಯಿತು ಎಂದು ಬರೆದರೆ ನಗಬೇಡ.

ಮಗುಚುವ ಕೆಲಸಕ್ಕೆ ಹೊನ್ನಿ ಎಂಬವಳನ್ನು ಹಾಕಿಕೊಂಡಿದ್ದೇವೆ. ಅಂಕೋಲೆ ಕಡೆಯವಳು, ಗಂಡ ತೀರಿಕೊಂಡ ಮೇಲೆ ಕ್ಯಾಂಪಿನ ಶೆಡ್ಡಿನಲ್ಲೇ ಇದ್ದಾಳೆ. ಬಾಯಿ ಜೋರು, ಕೆಲಸ ಅದಕ್ಕಿಂತ ಜೋರು. ಮೊದಲ ದಿನ ಡಬ್ಬಿಯೊಳಗೆ ಇಣುಕಿ, "ಅಣ್ಣಾ, ಪುಣೆಯಂವ ನಿಮ್ಗೆ ತೌಡು ಕಳ್ಸಿ ಟೋಪಿ ಹಾಕದ. ಹುಳ ಎಲ್ಲದೆ ಇದ್ರಲ್ಲಿ?" ಎಂದಿದ್ದಳು. ಐದನೇ ದಿನ ಬೆಳಿಗ್ಗೆ ಮಗುಚುವಾಗ ಹೊಗೆಯಂತೆ ಹಬೆ ಎದ್ದಿತು. ಸಲಿಕೆ ಬಿಟ್ಟು ಓಡಿ ಬಂದಳು. "ಇದ್ರ ಹೊಟ್ಟೆಲಿ ಯಾರೋ ಒಲೆ ಹಚ್ಚೀರು!" ನಾನು ಹೋಗುವಷ್ಟರಲ್ಲಿ ಅಡುಗೆಯ ದೇವಾನಂದ ಎರಡು ಕೊಡ ನೀರು ಹೊಯ್ದು ಬೆಂಕಿ ಆರಿಸಿ ಹೆಮ್ಮೆಯಿಂದ ನಿಂತಿದ್ದ. ಮತ್ತೆ ಬಿಸಿ ಏರಲು ನಾಲ್ಕು ದಿನ ಹಿಡಿಯಿತು. ದೇವಾನಂದನಿಗೆ ನಾನು ಬೈದದ್ದನ್ನು ಇಲ್ಲಿ ಬರೆಯಲಾರೆ, ನೀನು ಬ್ರಾಹ್ಮಣರ ಮನೆಯ ಹುಡುಗಿ.

ಜಿಡ್ಡು ನಿಜಕ್ಕೂ ಹೋಗುತ್ತಿದೆ. ಹಿಡಿ ತುಂಬ ತೆಗೆದು ಹಿಂಡಿದೆ, ಕೈಗೆ ಎಣ್ಣೆ ಹತ್ತಲಿಲ್ಲ. ನೊಣವಿಲ್ಲ. ಬೆಳಚಿನ ಹೆಂಗಸರು ಬಂದು ನೋಡಿ ಹೋದರು. ಹೊನ್ನಿಯ ಮಗಳು ಮಾದೇವಿ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ, ಅದೊಂದು ಸಂಭ್ರಮ. ಅಂಕಿಗಳ ಹಾಳೆ ಜೊತೆಗಿದೆ.

ಶಾಂತಾರಾಮಣ್ಣ


ಪುಣೆ
2 ಜೂನ್ 1993

ಶಾಂತಾರಾಮಣ್ಣ,

ಹಾಳೆಯನ್ನು ಸರ್ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಮೂರು ವರ್ಷದಲ್ಲಿ ಮೊದಲ ಸಲ.

ಅವರಿಗೆ ಒಂದೇ ಅನುಮಾನ. ಬೇಸಿಗೆಯಲ್ಲಿ ಬಿಸಿ ಹಿಡಿಯುವುದು ಏನು ಮಹಾ, ಕಾರವಾರದ ಮಳೆಯಲ್ಲಿ ಹಿಡಿಯಲಿ ಎನ್ನುತ್ತಾರೆ. ಜುಲೈ, ಆಗಸ್ಟ್ ಎರಡು ತಿಂಗಳು ದಿನವೂ ಬೆಳಿಗ್ಗೆ ಐವತ್ತೈದಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಕೆಲಸಕ್ಕೆ ಬಾರದ ಪ್ರಯೋಗವಂತೆ. ಗುಂಡಿಯ ಮೇಲೆ ತಗಡಿನ ಮಾಡು ಹಾಕಿಸಿ. ಹೊನ್ನಿಗೆ ಹೇಳಿ, ಒಲೆ ಹಚ್ಚಿದವಳು ನಾನೇ ಎಂದು.

ವೈಶಾಲಿ


ಹಣಕೋಣ
8 ಜುಲೈ 1993

ತಂಗೀ,

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ಬರೆಯಲು ಕೂತಾಗಲೇ ಗೊತ್ತು. ಆದರೂ ಯಾರಿಗಾದರೂ ಹೇಳಬೇಕು, ಹೆಂಡತಿಗೆ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ.

ಜೂನ್ ಮೂವತ್ತಕ್ಕೆ ಮಾದೇವಿ ಹೆಣ್ಣು ಹೆತ್ತಳು. ತೂಕ ಕಡಿಮೆ, ಬೆಕ್ಕಿನ ಮರಿಯಷ್ಟು. ನಮ್ಮ ಕಡೆ ಬಾಣಂತಿಗೂ ಕೂಸಿಗೂ ನಲವತ್ತು ದಿನ ಸುಡುಸುಡು ನೀರು ಹೊಯ್ಯದೆ ಬಿಡುವುದುಂಟೇ? ಹೊನ್ನಿಯ ಶೆಡ್ಡಿನಲ್ಲಿ ಸೌದೆಯೆಲ್ಲ ತೊಯ್ದಿದೆ. ಊದಿದರೆ ಹೊಗೆ, ಹೊಗೆಗೆ ಕೂಸು ಕೆಮ್ಮಿ ನೀಲಿಯಾಗುತ್ತದೆ. ಮೆಸ್ಸಿನ ಒಲೆಯಲ್ಲಿ ಕಾಸಿಕೊಳ್ಳುತ್ತೇನೆಂದು ಕೊಡಪಾನ ತಂದರೆ ದೇವಾನಂದ ಬಾಗಿಲಲ್ಲೇ ತಡೆದ. "ಅಮೆ ಕೊಡಪಾನ ನನ್ನ ಒಲೆ ಮೇಲೆ ಇಡುಕಾಗ. ಆರ್ನೂರು ಜನ ಉಂಬು ಒಲೆ ಇದು, ಮಾರಾಯ್ತಿ." ಹೆರಿಗೆಯ ಮೈಲಿಗೆ ಒಲೆಗೆ ತಾಗುತ್ತದಂತೆ. ಅವನೇನೂ ಕೆಟ್ಟವನಲ್ಲ, ಅವನ ತಾಯಿ ಹಾಗೆ ಕಲಿಸಿದ್ದಾಳೆ.

ಹೊನ್ನಿ ನೇರ ನನ್ನ ಹತ್ತಿರ ಬಂದಳು. "ಅಣ್ಣಾ, ಗುಂಡಿಲಿ ಬೆಂಕಿ ಸುಮ್ನೆ ಹಾಳಾಗ್ತದೆ. ಎಂಜಲಿಗೆ ಎಂತಾ ಅಮೆ? ಎರಡು ಕೊಡಪಾನ ಹೂತಿಟ್ರೆ ನಿಮ್ಮ ಹುಳ ಸಾಯ್ತದಾ?" ನಾನು ಬೇಡ ಎನ್ನಬೇಕಿತ್ತು. ಕೂಸಿನ ಮುಖ ಕಣ್ಣ ಮುಂದಿತ್ತು, ಆಗಲಿ ಎಂದೆ.

ಸಂಜೆ ಗುಂಡಿಗಿಳಿದು ರಾಶಿಯ ನಡುವೆ, ಎಲ್ಲಕ್ಕಿಂತ ಬಿಸಿ ಇರುವಲ್ಲಿ, ಎರಡು ತಾಮ್ರದ ಕೊಡಪಾನ ಬಾಯಿ ಕಟ್ಟಿ ಹೂಳುತ್ತಾಳೆ. ಬೆಳಿಗ್ಗೆ ಇಳಿದು ತೆಗೆಯುತ್ತಾಳೆ. ನೀರು ಹದವಾಗಿ ಕಾದಿರುತ್ತದೆ. ಕೊಡಪಾನ ಬಿಸಿ ಕುಡಿದ ಮೇಲೆ ನಿನ್ನ ಥರ್ಮಾಮೀಟರಿಗೆ ಉಳಿಯುವುದೇನು? ಬೆಳಗಿನ ಅಂಕಿ ಐವತ್ತೊಂದು, ಐವತ್ತು. ಸಂಜೆಗೆ ಮತ್ತೆ ಅರವತ್ತು.

ಅಂಕಿ ತಿದ್ದಬೇಡ ಎಂದೆಯಲ್ಲ, ತಿದ್ದಿಲ್ಲ. ಆದರೆ ಬಾಣಂತಿ ನೀರು ಕಾಸಿದೆವು ಎಂದು ಬರೆದರೆ ಅಲ್ಲಿ ನಿನ್ನ ಸರ್ ಮುಂದೆ ನಿನ್ನ ಮಾನ ಹೋಗುತ್ತದೆ. ಇಲ್ಲಿ ಮ್ಯಾನೇಜರನಿಗೆ ತಿಳಿದರೆ ಹೊನ್ನಿಯ ಕೆಲಸ ಹೋಗುತ್ತದೆ. ನಲವತ್ತು ದಿನದ ಮಾತು, ಮುಗಿದುಹೋಗಲಿ.


ಹಣಕೋಣ
9 ಜುಲೈ 1993

ತಂಗೀ,

ಹೊನ್ನಿಯ ಮಗಳಿಗೆ ಹೆಣ್ಣುಕೂಸು. ಎಲ್ಲ ಸೌಖ್ಯ.

ಜುಲೈ ಎರಡರಿಂದ ಬೆಳಗಿನ ಅಂಕಿ ಇಳಿದಿದೆ, ಹಾಳೆ ನೋಡು. ಸಂಜೆಗೆ ಏರುತ್ತದೆ. ಮಳೆಯಿಂದ ಇರಬೇಕು. ಎಂಟು ದಿನದಿಂದ ಬಿಟ್ಟೂಬಿಡದೆ ಹೊಡೆಯುತ್ತಿದೆ, ದೇವಬಾಗದ ಕಡೆ ಕಡಲು ಮನೆಯಂಗಳಕ್ಕೇ ಬಂದಿದೆಯಂತೆ. ಆಗಸ್ಟ್ ಹತ್ತರ ಸುಮಾರಿಗೆ ಸರಿಹೋಗುತ್ತದೆ ಎಂದು ನನ್ನ ಅಂದಾಜು. ಚಿಂತೆ ಮಾಡಬೇಡ.

ಶಾಂತಾರಾಮಣ್ಣ


ಪುಣೆ
19 ಜುಲೈ 1993

ಶಾಂತಾರಾಮಣ್ಣ,

ಚಿಂತೆ ಮಾಡಬೇಡ ಎಂದರೆ ಹೇಗೆ? ಹದಿನಾಲ್ಕನೇ ತಾರೀಖಿನ ಬೆಳಿಗ್ಗೆ ನಲವತ್ತಾರು ಎಂದು ಕಾರ್ಡು ಹಾಕಿದ್ದೀರಿ. ನಲವತ್ತಾರು! ಸರ್ ಹಾಳೆಯನ್ನು ನನ್ನ ಕಡೆಗೆ ತಳ್ಳಿ ಎದ್ದು ಹೋದರು.

ಮಳೆ ಎಂದರೆ ನಾನು ನಂಬುವುದಿಲ್ಲ. ತಗಡಿನ ಮಾಡು ಇದೆ. ಮಳೆಯಾಗಿದ್ದರೆ ಸಂಜೆಯೂ ಇಳಿಯಬೇಕಿತ್ತು. ಕತ್ತಲೆಯಲ್ಲಿ ಗಾಳಿಗೆ ಗುಂಡಿ ಬಟ್ಟಬಯಲಾಗಿ ಬಿದ್ದಿರುತ್ತದೆ, ಯಾರೂ ಗಮನ ಕೊಡುವುದಿಲ್ಲ, ಅಷ್ಟೇ. ನಿಮ್ಮ ಮೇಲೆ ಸಿಟ್ಟಲ್ಲ. ಸಿಟ್ಟೇ ಇರಬೇಕು, ಯಾಕೆ ಸುಳ್ಳು ಹೇಳಲಿ. ನನ್ನ ಮೂರು ವರ್ಷ ಆ ಗುಂಡಿಯಲ್ಲಿದೆ.

ಹೀಗೆ ಮಾಡಿ. ಸಂಜೆ ಮಗುಚಿದ ಮೇಲೆ ಗುಂಡಿಯ ಬಾಯಿಗೆ ಹಲಗೆ ಹಾಸಿ, ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಸುತ್ತಲೂ ಕಲ್ಲು ಹೇರಿ. ಒಂದು ಮೂಲೆಯಲ್ಲಿ ಬಿದಿರಿನ ಕೊಳವೆ ಇಟ್ಟರೆ ಸಾಕು, ಅಷ್ಟು ಗಾಳಿಯಲ್ಲಿ ಬೆಳಗಿನವರೆಗೆ ಬದುಕುತ್ತವೆ. ಬೆಳಿಗ್ಗೆ ಮಗುಚುವ ಹೊತ್ತಿಗೇ ತೆಗೆಯಿರಿ. ಇಲ್ಲಿ ಒಂದು ಸಾಲು ಹೊಡೆದುಹಾಕಿದ್ದೇನೆ, ಗಮನಿಸಬೇಡಿ, ಬರಹ ತಪ್ಪಿತ್ತು. ಮ್ಯಾನೇಜರರಿಗೂ ಈ ಪತ್ರ ತೋರಿಸಿ, ಪ್ಲಾಸ್ಟಿಕ್ ಕೊಡಿಸುತ್ತಾರೆ.

ದಯವಿಟ್ಟು ಇದನ್ನೊಂದು ಮಾಡಿ.

ವೈಶಾಲಿ


ಹಣಕೋಣ
28 ಜುಲೈ 1993

ತಂಗೀ,

ಯಾರೂ ಗಮನ ಕೊಡುವುದಿಲ್ಲ ಎಂಬ ಮಾತು ಮನಸ್ಸಿಗೆ ಚುಚ್ಚಿತು. ಹೊನ್ನಿ ಆ ಗುಂಡಿಯನ್ನು ದೇವರ ಕೋಣೆಯ ಹಾಗೆ ನೋಡಿಕೊಳ್ಳುತ್ತಾಳೆ. ಹೋಗಲಿ ಬಿಡು.

ನಿನ್ನ ಪತ್ರ ಮ್ಯಾನೇಜರನಿಗೆ ತೋರಿಸಿದೆ. ಪ್ಲಾಸ್ಟಿಕ್ ಮೊನ್ನೆ ಕಾರವಾರ ಪೇಟೆಯಿಂದ ಬಂತು. ಇವತ್ತು ಸಂಜೆಯಿಂದ ಮುಚ್ಚುತ್ತೇವೆ. ಇನ್ನೂ ಹತ್ತು ಹನ್ನೆರಡು ದಿನ ತಾಳಿಕೋ, ಅಂಕಿ ತಾನಾಗಿಯೇ ಏರುತ್ತದೆ. ಹೇಗೆ ಗೊತ್ತು ಎಂದು ಮಾತ್ರ ಕೇಳಬೇಡ.

ಶಾಂತಾರಾಮಣ್ಣ


ಹಣಕೋಣ
14 ಆಗಸ್ಟ್ 1993

ಅಂಕಿಗಳನ್ನು ಕಳಿಸಿದ್ದೇನೆ. ಆಗಸ್ಟ್ ನಾಲ್ಕನೇ ತಾರೀಖು ಬರೆದಿಲ್ಲ. ಐದರಿಂದ ಬೆಳಿಗ್ಗೆ ಅರವತ್ತೆರಡು, ಅರವತ್ತಮೂರು. ಇಳಿದಿಲ್ಲ.

ಶಾಂತಾರಾಮ


ಪುಣೆ
24 ಆಗಸ್ಟ್ 1993

ನನ್ನ ಶಾಂತಾರಾಮಣ್ಣ,

ನಾನು ಹೇಳಿರಲಿಲ್ಲವೇ! ಮುಚ್ಚಿದ ಒಂದು ವಾರಕ್ಕೆ ಅರವತ್ತಮೂರು! ಬೆಳಗಿನ ಗೆರೆ ನೂಲು ಹಿಡಿದ ಹಾಗೆ ನೆಟ್ಟಗಿದೆ. ಜುಲೈ ಹೋಗಲಿ, ಮುಚ್ಚಿದರೆ ಮಳೆಯಲ್ಲೂ ಬಿಸಿ ನಿಲ್ಲುತ್ತದೆ ಎಂದಾಯಿತಲ್ಲ ಎಂದು ಸರ್ ಫೆಲೋಶಿಪ್ ಕಾಗದಕ್ಕೆ ಸಹಿ ಹಾಕಿದರು. ಲ್ಯಾಬಿನವರಿಗೆಲ್ಲ ಪೇಢೆ ಹಂಚಿದೆ.

ಜುಲೈಯಲ್ಲಿ ಬರೆದ ಕಟು ಮಾತುಗಳನ್ನು ಮರೆತುಬಿಡಿ. ಈಗಿನ ನಿಮ್ಮ ಪತ್ರ ಎಷ್ಟು ಚುಟುಕಾಗಿದೆಯೆಂದರೆ ಇನ್ನೂ ಮುನಿಸಿಕೊಂಡಿದ್ದೀರಿ ಎಂದುಕೊಂಡಿದ್ದೇನೆ. ದೀಪಾವಳಿಗೆ ಹಿಲ್ಲೂರಿಗೆ ಬಂದಾಗ ಹಣಕೋಣಕ್ಕೂ ಬಂದು ಹೊನ್ನಿಯ ಕೈ ಹಿಡಿದು ಥ್ಯಾಂಕ್ಸ್ ಹೇಳಬೇಕು. ಕೂಸಿಗೆ ಎರಡು ಕುಲಾವಿ ಹೆಣೆದು ಪಾರ್ಸೆಲ್ ಮಾಡಿದ್ದೇನೆ. ನಾಲ್ಕನೇ ತಾರೀಖು ಯಾಕೆ ಬರೆದಿಲ್ಲ? ಒಂದು ದಿನ ತಾನೇ, ಬಿಡಿ, ನಡುವಿನ ಅಂಕಿ ಹಾಕಿಕೊಳ್ಳುತ್ತೇನೆ.

ವೈಶಾಲಿ


ಅಂಕೋಲಾ
10 ಅಕ್ಟೋಬರ್ 1993

ವೈಶಾಲಿ ಮೇಡಂ ಅವರಿಗೆ,

ಕ್ಯಾಂಪಿನ ಕೆಲಸ ಬಿಟ್ಟು ಅಂಕೋಲೆಯ ತಮ್ಮನ ಮನೆಗೆ ಬಂದಿದ್ದೇನೆ. ನಿಮ್ಮ ಮೂರು ಪತ್ರಗಳಿಗೆ ಉತ್ತರ ಬರೆಯಲಿಲ್ಲ. ದೀಪಾವಳಿಗೆ ಬರುತ್ತೀರಿ ಎಂದಿದ್ದೀರಿ. ಅದಕ್ಕೆ ಮೊದಲು ನಿಮಗೆ ಗೊತ್ತಾಗಬೇಕು.

ಹೊನ್ನಿ ಸತ್ತಳು. ಆಗಸ್ಟ್ ನಾಲ್ಕರ ಬೆಳಿಗ್ಗೆ, ನಿಮ್ಮ ಗುಂಡಿಯಲ್ಲಿ. ನಿಮ್ಮ ಎಂದದ್ದು ತಪ್ಪು, ನಮ್ಮ ಗುಂಡಿಯಲ್ಲಿ.

ಜುಲೈ ಒಂದರ ಸಂಜೆಯಿಂದ ಅವಳು ರಾಶಿಯ ನಡುವೆ ಬಾಣಂತಿ ನೀರಿನ ಕೊಡಪಾನ ಹೂತಿಡುತ್ತಿದ್ದಳು. ಬೆಳಗಿನ ಬಿಸಿ ಇಳಿದದ್ದು ಅದರಿಂದ. ನನಗೆ ಗೊತ್ತಿತ್ತು, ಒಪ್ಪಿಗೆ ಕೊಟ್ಟವನೂ ನಾನೇ. ನಿಮಗೆ ಮಳೆ ಎಂದು ಬರೆದೆ. ಮುಚ್ಚಿದ ಮೇಲೂ ಅವಳು ಇಳಿಯುತ್ತಿದ್ದಳು. ಮೊದಲೆರಡು ದಿನ ತಲೆ ಸುತ್ತಿತು ಎಂದಳು. "ವಾಸನೆಗೆ ಆಗ್ತದೆ, ಸೆರಗು ಕಟ್ಟಿಕಂಡ್ರೆ ಸಮ ಆಗ್ತದೆ" ಎಂದು ಅವಳೇ ಮದ್ದು ಹೇಳಿಕೊಂಡಳು. ಆಮೇಲೆ ಪ್ಲಾಸ್ಟಿಕ್ ತೆಗೆದು ಮುಖ ತೊಳೆದು ಬಂದು ಇಳಿಯುತ್ತಿದ್ದಳು, ಏನೂ ಆಗಲಿಲ್ಲ. ಆ ದಿನ ಕೂಸಿಗೆ ಎಣ್ಣೆ ಹಚ್ಚಿ ಆಗಿತ್ತು, ಅದು ಚಳಿಗೆ ಅಳುತ್ತಿತ್ತು. ಅವಳು ಅರ್ಧ ಹಲಗೆಯಷ್ಟೇ ಸರಿಸಿ ನೇರ ಇಳಿದಳು. ಕೊಡಪಾನದ ಕಂಠಕ್ಕೆ ಬಗ್ಗಿದವಳು ಏಳಲಿಲ್ಲ.

ಮಾದೇವಿ ಕರೆದಳು. ನಾನು ಓಡಿ ಬಂದೆ. ಹೊನ್ನಿ ಮಂಡಿಯೂರಿ ರಾಶಿಗೆ ಹಣೆ ಕೊಟ್ಟು ಕೂತಿದ್ದಳು, ನಮಸ್ಕಾರ ಮಾಡುವ ಹಾಗೆ. ನಾನು ಹಾರಲಿಕ್ಕೆ ಹೋದರೆ ದೇವಾನಂದ ಸೊಂಟ ಹಿಡಿದು ಎಳೆದ. "ಬಾವಿಲಿ ಹೀಂಗೇ ಸಾಯುದು, ಇಳಿಬೇಡಿ!" ಹಲಗೆಗಳನ್ನು ಕಿತ್ತೆಸೆದು, ಗೋಣಿ ಬೀಸಿ ಬೀಸಿ, ಅವನೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಎತ್ತಿದ. ಅಮೆ ಗಿಮೆ ಎನ್ನಲಿಲ್ಲ. ಮೈ ಬಿಸಿಯಾಗಿತ್ತು. ಅದು ಅವಳ ಬಿಸಿಯೋ ರಾಶಿಯ ಬಿಸಿಯೋ ತಿಳಿಯದೆ ಆಸ್ಪತ್ರೆಯವರೆಗೂ ಬದುಕಿದ್ದಾಳೆ ಎಂದುಕೊಂಡಿದ್ದೆವು. ಉಸಿರಾಡುವ ಗಾಳಿ ಇರಲಿಲ್ಲ, ಇಂಗಾಲಾಮ್ಲದ ಗಾಳಿಯೇ ತುಂಬಿತ್ತು ಎಂದರು ಡಾಕ್ಟರು.

ಕಾಲು ಜಾರಿ ಬಿದ್ದಳು ಎಂದು ಮ್ಯಾನೇಜರ್ ಪೊಲೀಸರಿಗೆ ಕಾಗದ ಬರೆಸಿದ. ನಾನು ಸಹಿ ಹಾಕಿದೆ. ಕೊಡಪಾನದ ವಿಷಯ ಬಂದರೆ ನನ್ನ ಹೆಸರೂ ಬರುತ್ತಿತ್ತು. ಹಾಗೆಂದು ಹೆದರಿದೆ. ನನಗೆ ಅರವತ್ತು ವರ್ಷ, ಇನ್ನು ಹೆದರಿ ಏನು ಉಳಿಸಿಕೊಳ್ಳಬೇಕಿತ್ತೋ.

ಇನ್ನೊಂದು ಮಾತು. ಜುಲೈ ಹತ್ತೊಂಬತ್ತರ ಪತ್ರದಲ್ಲಿ ನೀವು ಹೊಡೆದುಹಾಕಿದ ಸಾಲನ್ನು ಹೋದ ವಾರ ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. "ತೆರೆದ ಕೂಡಲೇ ಯಾರೂ ಇಳಿಯಬಾರದು, ಬಗ್ಗಬಾರದು, ಅರ್ಧ ಗಂಟೆ ಗಾಳಿಗೆ ಬಿಡಬೇಕು." ಅಕ್ಷರ ಚೆನ್ನಾಗಿಯೇ ಇತ್ತು. ಬರಹ ತಪ್ಪಿರಲಿಲ್ಲ.

ಶಾಂತಾರಾಮ


ಪುಣೆ
22 ಅಕ್ಟೋಬರ್ 1993

ಶಾಂತಾರಾಮಣ್ಣ,

ಹೀಗೆ ಕರೆಯುವ ಹಕ್ಕು ಇನ್ನೂ ಇದೆಯೋ ಇಲ್ಲವೋ. ನಾಲ್ಕು ಸಲ ಬರೆದು ಹರಿದೆ.

ಆ ಸಾಲು ಬರೆದ ಮೇಲೆ ಮ್ಯಾನೇಜರ್ ಇದನ್ನು ಓದುತ್ತಾರೆ ಎಂದು ನೆನಪಾಯಿತು. ಹೆದರಿ ಗುಂಡಿಯನ್ನೇ ಮುಚ್ಚಿಸಿಬಿಟ್ಟರೆ? ಮಗುಚುವುದು ಅಂಚಿನಿಂದ, ಥರ್ಮಾಮೀಟರ್ ಚುಚ್ಚುವುದು ಅಂಚಿನಿಂದ, ಯಾರು ಯಾಕೆ ಇಳಿಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಗೀಟು ಎಳೆದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ನೀವು ಒಂದು ಮಾತು ತಿಳಿಸಿದ್ದರೆ! ಗೋಡೆಯ ಪಕ್ಕದಲ್ಲಿ ಕೊಡಪಾನಕ್ಕೆ ಜಾಗ ಮಾಡಿಸಿ, ಹಗ್ಗದಲ್ಲಿ ಇಳಿಬಿಡಲು ಹೇಳುತ್ತಿದ್ದೆ. ನಾನು ಬೈಯುತ್ತಿರಲಿಲ್ಲ. ಇಲ್ಲ, ಬೈಯುತ್ತಿದ್ದೆ. ಕೊಡಪಾನ ನಿಲ್ಲಿಸಿ ಎನ್ನುತ್ತಿದ್ದೆ. ನೀವು ನನ್ನನ್ನು ಸರಿಯಾಗಿಯೇ ಅರಿತಿದ್ದಿರಿ.

ಹೊನ್ನಿ ಹೋದ ಮೂರು ವಾರಕ್ಕೆ ನಾನು ಪೇಢೆ ಹಂಚಿದೆ. ಈ ಸಲ ಊರಿಗೆ ಬರಲಾರೆ, ಮಾದೇವಿಯ ಮುಖ ನೋಡುವ ಧೈರ್ಯವಿಲ್ಲ. ಆದರೆ ಪ್ರಬಂಧದಲ್ಲಿ ಎಲ್ಲವನ್ನೂ ಇದ್ದ ಹಾಗೆ ಬರೆಯುತ್ತೇನೆ. ಬಿಸಿ ಯಾಕೆ ಇಳಿಯಿತು, ಹೊನ್ನಿ ಹೇಗೆ ಹೋದಳು, ಎರಡನ್ನೂ. ಇದು ನಾನು ನಿಮಗೆ ಕೊಡುವ ಮಾತು.

ವೈಶಾಲಿ


ಪುಣೆ
3 ಡಿಸೆಂಬರ್ 1994

ಶಾಂತಾರಾಮಣ್ಣನವರಿಗೆ,

ಒಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ಪ್ರಬಂಧ ಅಚ್ಚಾಗಿದೆ, ಪ್ರತಿ ಇಟ್ಟಿದ್ದೇನೆ. ಕೊನೆಯ ಪುಟದಲ್ಲಿ ನಿಮ್ಮ ಹೆಸರಿದೆ, ಕೃತಜ್ಞತೆ ಎಂದು.

ಹೊನ್ನಿಯ ವಿಷಯವನ್ನು ನಾನು ಬರೆದಿದ್ದೆ, ಸರ್ ತೆಗೆಸಿದರು. ಸತ್ತವರ ಸುದ್ದಿ ಇದ್ದರೆ ಯಾರೂ ಅಚ್ಚು ಹಾಕುವುದಿಲ್ಲ ಎಂದರು. ಕೊಡಪಾನದ ವಿಷಯ ನಗೆಪಾಟಲಾಗುತ್ತದೆ ಎಂದರು. ನಿಮ್ಮ ಜುಲೈ ಒಂಬತ್ತರ ಪತ್ರದಲ್ಲಿದ್ದ ಕಾರಣವನ್ನೇ ಗ್ರಾಫಿನ ಕೆಳಗೆ ಹಾಕಿಸಿದರು. ನಾನು ಒಪ್ಪಿದೆ. ಈ ತಿಂಗಳಿಂದ ನನಗೆ ಇಲ್ಲೇ ಕಾಯಂ ಕೆಲಸ.

ನಿಮಗೆ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ. ಇದನ್ನು ನೀವು ಬೇರೆಯವರಿಂದ ತಿಳಿಯುವುದು ಬೇಡ ಎಂದು ನಾನೇ ಕಳಿಸಿದ್ದೇನೆ.

ವೈಶಾಲಿ


ಅಂಕೋಲಾ
19 ಡಿಸೆಂಬರ್ 1994

ವೈಶಾಲಿ ಮೇಡಂ ಅವರಿಗೆ,

ಪ್ರತಿ ತಲುಪಿತು. ಇಂಗ್ಲಿಷು ನನಗೆ ಬರುವುದು ಅಷ್ಟಕ್ಕಷ್ಟೆ, ಆದರೆ ಗ್ರಾಫು ಗೊತ್ತಾಗುತ್ತದೆ. ಎರಡು ದಿನ ಮನೆಯಲ್ಲಿಟ್ಟುಕೊಂಡೆ. ಮೂರನೇ ದಿನ ತಡೆಯದೆ ಹಣಕೋಣದ ಬಸ್ಸು ಹತ್ತಿದೆ.

ಗುಂಡಿ ಈಗಲೂ ನಡೆಯುತ್ತಿದೆ. ಗೋಡೆಗೆ ನಾಲ್ಕೂ ಕಡೆ ಕಿಂಡಿ ಕೊರೆಸಿದ್ದಾರೆ, ಪ್ಲಾಸ್ಟಿಕ್ ಇಲ್ಲ. ಹಳ್ಳದಲ್ಲಿ ಮತ್ತೆ ಬೆಳಚು ಬಂದಿದೆ. ಮಗುಚುತ್ತಿರುವವಳು ಮಾದೇವಿ. ತಾಯಿ ಹೋದ ಮೇಲೆ ಶೆಡ್ಡು ಉಳಿಯಬೇಕಾದರೆ ಆ ಕೆಲಸ ಯಾರಾದರೂ ಮಾಡಲೇಬೇಕಿತ್ತು. ಕೂಸಿನ ಕಾಲಿಗೆ ಹಗ್ಗ ಹಾಕಿ ದೂರದ ಹಲಸಿನ ಮರಕ್ಕೆ ಕಟ್ಟಿರುತ್ತಾಳೆ, ಗುಂಡಿಯ ಕಡೆ ಬರದಿರಲಿ ಎಂದು.

ಗ್ರಾಫಿನ ಪುಟ ತೆರೆದು ಅವಳಿಗೆ ತೋರಿಸಿದೆ. ಗೆರೆ ಮೇಲೆ ಹೋದರೆ ಬಿಸಿ, ಕೆಳಗೆ ಬಂದರೆ ತಂಪು ಎಂದು ಹೇಳಿಕೊಟ್ಟೆ. ಬೇಗ ಹಿಡಿದುಕೊಂಡಳು. ಜುಲೈ ಎರಡರಿಂದ ಗೆರೆ ಗರಗಸದ ಹಲ್ಲಿನಂತೆ ಇಳಿದು ಏರುತ್ತದಲ್ಲ, ಅದೇನು ಎಂದು ಕೇಳಿದಳು. ಒಂದೊಂದು ಇಳಿತವೂ ಒಂದೊಂದು ದಿನದ ನಿನ್ನ ನೀರು ಎಂದೆ.

ಕೈ ಸೀರೆಗೆ ಒರೆಸಿಕೊಂಡು ಕೂತಳು. ಬೆರಳಿಟ್ಟು ಒಂದೊಂದೇ ಎಣಿಸಿದಳು. ಬಹಳ ಕೆಳಗಿಳಿದ ಒಂದರ ಮೇಲೆ ಬೆರಳು ನಿಂತಿತು. ನೀವು ನನಗೆ ಬೈದು ಬರೆದಿದ್ದಿರಲ್ಲ, ಆ ನಲವತ್ತಾರು. "ಇದು ನನ್ನ ತಲೆ ಮೀಯ್ಸಿದ ದಿವ್ಸ. ಅವ್ವಿ ಆ ದಿವ್ಸ ಮೂರು ಕೊಡಪಾನ ಇಟ್ಟಿತ್ತು." ಮುಂದೆ ಹೋದಳು. "ಇದು ಕೂಸು ಮೊದ್ಲ ಸಲ ನಕ್ಕಿದ್ದು. ಅವ್ವಿ ಅದ್ಕೆ ದೃಷ್ಟಿ ತೆಗ್ದಿತ್ತು." ಮೂವತ್ತಮೂರು ಎಣಿಸಿದಳು. ಅಲ್ಲಿಂದ ಮುಂದೆ ಗೆರೆ ನೆಟ್ಟಗೆ ಹೋಗುತ್ತದೆ. ನಾಲ್ಕನೇ ತಾರೀಖಿಗೆ ನೀವು ಹಾಕಿದ ನಡುವಿನ ಅಂಕಿಯೂ ಅದರಲ್ಲಿದೆ. ಇಲ್ಲಿಂದ ಯಾಕೆ ಇಳಿಯಲಿಲ್ಲ ಎಂದು ಅವಳು ಕೇಳಲಿಲ್ಲ. ನೆಟ್ಟಗಿನ ಗೆರೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಮುಚ್ಚಿದಳು.

ಆಮೇಲೆ, "ಅಡಿಲಿ ಎಂತಾ ಬರ್ದದೆ ಮಾಮಾ?" ಎಂದಳು. ಸುಳ್ಳು ಹೇಳಬಹುದಿತ್ತು, ಅವಳಿಗೆ ಓದು ಬಾರದು. ಆದರೆ ಒಂದು ಸುಳ್ಳಿನಿಂದ ಆದದ್ದು ಸಾಕಾಗಿತ್ತು. ಮಳೆಯಿಂದ ಬಿಸಿ ಇಳಿಯಿತು ಎಂದು ಬರೆದಿದೆ ಎಂದೆ. ಮೊದಲು ಹಾಗೆ ಬರೆದು ಕಳಿಸಿದವನು ನಾನೇ ಎಂದೂ ಹೇಳಿದೆ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ನನಗೇ ಅಳು ಬಂತು.

"ಮಳೆ ಅಲ್ಲ ಮಾಮಾ ಅದು, ನಮ್ಮ ಅವ್ವಿ" ಎಂದಳು. "ಅವ್ರಿಗೆ ತಿದ್ದುಕೆ ಹೇಳಿ."

ಹೇಳಿದ್ದೇನೆ. ಸುಳ್ಳು ಬರೆದವನು ನಾನು, ಅಚ್ಚು ಹಾಕಿಸಿದವರು ನೀವು. ಕಾಲು ಜಾರಿತು ಎಂದು ನಾನು ಸಹಿ ಹಾಕಿದ ಕಾಗದ ಕಾರವಾರದ ಠಾಣೆಯಲ್ಲಿದೆ. ನಾಳೆ ಬೆಳಗಿನ ಬಸ್ಸಿಗೆ ಹೋಗಿ ಅದನ್ನು ತಿದ್ದಿಸುತ್ತೇನೆ, ಆದದ್ದಾಗಲಿ. ನಿಮ್ಮದನ್ನು ನೀವು ತಿದ್ದಿ.

ಶಾಂತಾರಾಮ